ಚಪ್ಪಟೆ ಚಿತ್ರದ ಮೇಲೆ ಗಂಟೆಗೆ 478 ಕಿ.ಮೀ.: ‘ಎಫ್-ಝೀರೋ’ ಆಟವನ್ನು ಮತ್ತೆ ಆಡುವುದೆಂದರೆ ಏನು?

2024ರ ಏಪ್ರಿಲ್‌ನಲ್ಲಿ ಆಪಲ್ ಕಂಪನಿ ತನ್ನ ಆ್ಯಪ್ ಸ್ಟೋರಿನ ಒಂದು ನಿಯಮವನ್ನು ಸಡಿಲಿಸಿತು. ಹಳೆಯ ವಿಡಿಯೋ ಗೇಮ್ ಯಂತ್ರಗಳಂತೆ ನಟಿಸುವ ‘ಎಮ್ಯುಲೇಟರ್’ ಎಂಬ ತಂತ್ರಾಂಶಗಳಿಗೆ ಅಲ್ಲಿಯವರೆಗೆ ಐಫೋನಿನ ಬಾಗಿಲು ಮುಚ್ಚಿತ್ತು. ಅದೇ ತಿಂಗಳು ‘ಡೆಲ್ಟಾ’ ಎಂಬ ಎಮ್ಯುಲೇಟರ್ ಆ ಬಾಗಿಲಿನಿಂದ ಒಳಗೆ ಬಂತು. ಆ್ಯಂಡ್ರಾಯ್ಡ್ ಫೋನುಗಳಲ್ಲಿ ಇದು ಬಹಳ ಹಿಂದಿನಿಂದಲೂ ಇದ್ದದ್ದೇ. ಆದರೂ ಈ ಬದಲಾವಣೆಯ ನಂತರ, ಬಾಲ್ಯದ ಆಟಗಳನ್ನು ಹುಡುಕಿಕೊಂಡು ಹೋಗುವವರ ಸಾಲಿಗೆ ಅಲ್ಲಿಯವರೆಗೆ ಇಂಥದ್ದೊಂದು ಸಾಧ್ಯವೆಂದು ತಿಳಿಯದಿದ್ದವರೂ ಬಂದು ಸೇರಿದರು.

ಅವರಲ್ಲಿ ಹಲವರಿಗೆ ಒಂದು ವಿಚಿತ್ರ ಅನುಭವವಾಗುತ್ತದೆ. ಆಟ ತೆರೆದುಕೊಳ್ಳುತ್ತದೆ, ಅದೇ ಸಂಗೀತ, ಅದೇ ನೀಲಿ ಕಾರು. ಆದರೆ ನೆನಪಿನಲ್ಲಿದ್ದದ್ದು ಇದಲ್ಲವಲ್ಲ ಎನಿಸುತ್ತದೆ. ಚಿತ್ರ ಗರಗಸದ ಹಲ್ಲಿನಂತೆ ಕಾಣುತ್ತದೆ, ಕಾರು ತಿರುವಿನಲ್ಲಿ ಒಂದು ಕ್ಷಣ ತಡವಾಗಿ ಹೊರಳುತ್ತದೆ. ತಪ್ಪು ನೆನಪಿನದ್ದೇ ಇರಬೇಕೆಂದು ಬಹುತೇಕರು ಅಲ್ಲಿಗೇ ಬಿಟ್ಟುಬಿಡುತ್ತಾರೆ. ನೆನಪಿಗೂ ಇದರಲ್ಲಿ ಪಾಲಿದೆ, ನಿಜ. ಆದರೆ ಮುಖ್ಯ ಕಾರಣ ಬೇರೆಯದು: ಆ ಕಾಲದ ಆಟವೊಂದು ಕ್ಯಾಸೆಟ್ಟಿನೊಳಗೆ ಪೂರ್ತಿಯಾಗಿ ಇರುತ್ತಲೇ ಇರಲಿಲ್ಲ. ಅದರ ಒಂದು ಪಾಲು ಕ್ಯಾಸೆಟ್ಟಿನಲ್ಲಿ, ಒಂದು ಪಾಲು ಯಂತ್ರದ ಚಿಪ್ಪಿನಲ್ಲಿ, ಮತ್ತೊಂದು ಪಾಲು ಮನೆಯ ಟಿವಿಯ ಗಾಜಿನ ಮೇಲೆ ಇರುತ್ತಿತ್ತು. ನಿಂಟೆಂಡೊ ಕಂಪನಿಯ ‘ಎಫ್-ಝೀರೋ’ ಎಂಬ ರೇಸಿಂಗ್ ಆಟವನ್ನು ಮುಂದಿಟ್ಟುಕೊಂಡು ಇದನ್ನು ವಿವರಿಸುವುದು ಸುಲಭ, ಏಕೆಂದರೆ ಯಂತ್ರಕ್ಕೆ ಇಷ್ಟು ಬಿಗಿಯಾಗಿ ಅಂಟಿಕೊಂಡು ಹುಟ್ಟಿದ ಆಟಗಳು ಕಡಿಮೆ.

ಎಫ್-ಝೀರೋ ಎಂದರೆ ಯಾವ ಆಟ?

ಜಪಾನಿನಲ್ಲಿ 1990ರ ನವೆಂಬರ್ 21ರಂದು ‘ಸೂಪರ್ ಫ್ಯಾಮಿಕಾಮ್’ ಎಂಬ ಹೊಸ ಗೇಮ್ ಯಂತ್ರ ಮಾರುಕಟ್ಟೆಗೆ ಬಂದಾಗ, ಅದೇ ದಿನ ಅದರ ಜೊತೆಗೆ ಬಂದ ಆಟಗಳಲ್ಲಿ ಎಫ್-ಝೀರೋ ಒಂದು. ಅಮೆರಿಕದಲ್ಲಿ ಈ ಯಂತ್ರ 1991ರಲ್ಲಿ, ಯುರೋಪಿನಲ್ಲಿ 1992ರಲ್ಲಿ ‘ಸೂಪರ್ ನಿಂಟೆಂಡೊ’ ಎಂಬ ಹೆಸರಿನಿಂದ ಬಂತು. ಆಟದ ನಿರ್ಮಾಪಕ ಶಿಗೆರು ಮಿಯಾಮೊಟೊ, ನಿರ್ದೇಶಕ ಕಜುನೊಬು ಶಿಮಿಜು.

ಕಥೆ ನಡೆಯುವುದು 2560ನೆಯ ಇಸವಿಯಲ್ಲಿ. ಗ್ರಹಗಳ ನಡುವಿನ ವ್ಯಾಪಾರದಲ್ಲಿ ಲೆಕ್ಕವಿಲ್ಲದಷ್ಟು ಹಣ ಮಾಡಿ ಬೇಸರ ಬಂದ ಶ್ರೀಮಂತರು, ಹಿಂದಿನ ಕಾಲದ ಫಾರ್ಮುಲಾ ಒನ್ ಪಂದ್ಯವನ್ನು ನೆನೆದು ಹೊಸ ಪಂದ್ಯವೊಂದನ್ನು ಹುಟ್ಟುಹಾಕುತ್ತಾರೆ. ಕಾರುಗಳಿಗೆ ಚಕ್ರಗಳಿಲ್ಲ, ಅವು ನೆಲದಿಂದ ತುಸು ಮೇಲೆ ತೇಲುತ್ತ ಓಡುತ್ತವೆ. ಆರಿಸಿಕೊಳ್ಳಲು ನಾಲ್ಕು ವಾಹನಗಳು: ಕ್ಯಾಪ್ಟನ್ ಫಾಲ್ಕನ್‌ನ ‘ಬ್ಲೂ ಫಾಲ್ಕನ್’, ಡಾಕ್ಟರ್ ಸ್ಟುವರ್ಟ್‌ನ ‘ಗೋಲ್ಡನ್ ಫಾಕ್ಸ್’, ಪಿಕೋನ ‘ವೈಲ್ಡ್ ಗೂಸ್’, ಸಮುರಾಯ್ ಗೊರೋನ ‘ಫೈರ್ ಸ್ಟಿಂಗ್‌ರೇ’. ಕೊನೆಯದರ ಗರಿಷ್ಠ ವೇಗ ಗಂಟೆಗೆ 478 ಕಿಲೋಮೀಟರ್ ಎಂದು ಆಟವೇ ತೋರಿಸುತ್ತದೆ. ನೈಟ್, ಕ್ವೀನ್, ಕಿಂಗ್ ಎಂಬ ಮೂರು ಲೀಗುಗಳಲ್ಲಿ ತಲಾ ಐದರಂತೆ ಹದಿನೈದು ಟ್ರ್ಯಾಕುಗಳಿವೆ. ಪ್ರತಿ ಪಂದ್ಯಕ್ಕೂ ಐದು ಸುತ್ತು. ಮೊದಲ ಸುತ್ತಿನ ಕೊನೆಗೆ 15ನೆಯ ಸ್ಥಾನದೊಳಗೆ, ನಂತರದ ಸುತ್ತುಗಳಲ್ಲಿ ಕ್ರಮವಾಗಿ 10, 7, 5, 3ರೊಳಗೆ ಇರಲೇಬೇಕು. ಇಲ್ಲದಿದ್ದರೆ ಪಂದ್ಯದಿಂದ ಹೊರಗೆ. ಅಂಚಿಗೆ ಬಡಿದರೆ ಕಾರಿನ ಶಕ್ತಿ ಕುಗ್ಗುತ್ತದೆ, ಆರಂಭದ ಗೆರೆಯ ಬಳಿಯ ಪಟ್ಟಿಯ ಮೇಲೆ ಹಾದರೆ ತುಂಬಿಕೊಳ್ಳುತ್ತದೆ.

ನಮ್ಮ ಕಡೆಯ ಓದುಗರಿಗೆ ಒಂದು ಮಾತು. ತೊಂಬತ್ತರ ದಶಕದಲ್ಲಿ ಕರ್ನಾಟಕದ ಮನೆಗಳಲ್ಲಿ ‘ಟಿವಿ ಗೇಮ್’ ಎಂದು ಕರೆಸಿಕೊಂಡು, ಹಳದಿ ಕ್ಯಾಸೆಟ್ಟುಗಳನ್ನು ನುಂಗುತ್ತಿದ್ದ ಪೆಟ್ಟಿಗೆಗಳು ಹೆಚ್ಚಾಗಿ ಇದಕ್ಕೂ ಹಿಂದಿನ, 1983ರ ಫ್ಯಾಮಿಕಾಮ್ ಯಂತ್ರದ ನಕಲುಗಳಾಗಿದ್ದವು. ಸೂಪರ್ ನಿಂಟೆಂಡೊ ಇಲ್ಲಿ ಕಣ್ಣಿಗೆ ಬೀಳುತ್ತಿದ್ದದ್ದೇ ಅಪರೂಪ. ಈ ಆಟವನ್ನು ನಮ್ಮಲ್ಲಿ ಅನೇಕರು ಮೊದಲು ಆಡಿದ್ದು ಕಂಪ್ಯೂಟರಿನ ಎಮ್ಯುಲೇಟರಿನಲ್ಲಿ, ಈ ಲೇಖಕನೂ ಸೇರಿ. ಅಂದರೆ ನಮ್ಮ ‘ಮೂಲ ನೆನಪು’ ಎನ್ನುವುದೇ ಒಂದು ನಕಲಿನ ನೆನಪು. ಇದು ಮುಂದಿನ ವಿಷಯಕ್ಕೆ ಸಂಬಂಧವಿಲ್ಲದ ಮಾತೇನಲ್ಲ.

ಯಂತ್ರದ ಅಳತೆ

ಸೂಪರ್ ನಿಂಟೆಂಡೊ ಟಿವಿಗೆ ಕಳಿಸುತ್ತಿದ್ದ ಚಿತ್ರದಲ್ಲಿ ಸಾಮಾನ್ಯವಾಗಿ ಅಡ್ಡಕ್ಕೆ 256, ಉದ್ದಕ್ಕೆ 224 ಚುಕ್ಕಿಗಳಿರುತ್ತಿದ್ದವು. ಸೆಕೆಂಡಿಗೆ 60 ಚಿತ್ರಗಳು. ಗುಣಿಸಿ ನೋಡಿದರೆ ಒಂದು ಸೆಕೆಂಡಿಗೆ 34,40,640 ಚುಕ್ಕಿಗಳ ಬಣ್ಣವನ್ನು ನಿರ್ಧರಿಸಬೇಕು. ಯಂತ್ರದ ಮುಖ್ಯ ಪ್ರೊಸೆಸರ್ ಅತಿ ವೇಗವಾಗಿ ಓಡಿದಾಗ ಅದರ ಗಡಿಯಾರ ಸೆಕೆಂಡಿಗೆ ಸುಮಾರು 35.8 ಲಕ್ಷ ಬಾರಿ ಬಡಿಯುತ್ತದೆ. ಲೆಕ್ಕ ಸ್ಪಷ್ಟವಾಗಿದೆ: ಒಂದು ಚುಕ್ಕಿಗೆ ಒಂದೇ ಬಡಿತ. ಆದರೆ ಆ ಪ್ರೊಸೆಸರಿಗೆ ಅತ್ಯಂತ ಚಿಕ್ಕ ಕೆಲಸಕ್ಕೂ ಎರಡು ಬಡಿತಗಳು ಬೇಕು. ಹೀಗಿರುವಾಗ ರಸ್ತೆಯ ಪ್ರತಿ ಚುಕ್ಕಿಯನ್ನೂ ಪ್ರೊಸೆಸರೇ ಲೆಕ್ಕ ಹಾಕಿ ಬರೆಯುವುದು ಆಗುವ ಮಾತಲ್ಲ.

ಹಾಗಾಗಿ ಚಿತ್ರ ಬರೆಯುವ ಕೆಲಸಕ್ಕೆ ಬೇರೆ ಚಿಪ್ಪುಗಳಿದ್ದವು. ಅವಕ್ಕೆ 0ಯಿಂದ 7ರವರೆಗೆ ಎಂಟು ಬಗೆಯ ವಿಧಾನಗಳು ಗೊತ್ತಿದ್ದವು. ಮೊದಲಿನವುಗಳಲ್ಲಿ ಹಿನ್ನೆಲೆಯ ಚಿತ್ರಗಳನ್ನು ಒಂದರ ಮೇಲೊಂದು ಪದರಗಳಾಗಿ ಹಾಸಿ ಅತ್ತಿತ್ತ ಸರಿಸಬಹುದಿತ್ತು. ಕೊನೆಯದರಲ್ಲಿ, ಅಂದರೆ ‘ಮೋಡ್ 7’ರಲ್ಲಿ, ಪದರ ಒಂದೇ, ಆದರೆ ಆ ಒಂದು ಪದರವನ್ನು ತಿರುಗಿಸಬಹುದಿತ್ತು, ಹಿಗ್ಗಿಸಬಹುದಿತ್ತು, ಕುಗ್ಗಿಸಬಹುದಿತ್ತು. ಎಫ್-ಝೀರೋ ನಿಂತಿರುವುದು ಈ ಒಂದು ಸೌಲಭ್ಯದ ಮೇಲೆ.

ಮೋಡ್ 7ರ ಚಿತ್ರ ಅಡ್ಡಕ್ಕೂ ಉದ್ದಕ್ಕೂ 1024 ಚುಕ್ಕಿಗಳಷ್ಟು ದೊಡ್ಡದು. ಅದನ್ನು ಚುಕ್ಕಿ ಚುಕ್ಕಿಯಾಗಿ ಇಟ್ಟುಕೊಳ್ಳಲು ಹೋದರೆ ಹತ್ತು ಲಕ್ಷಕ್ಕೂ ಹೆಚ್ಚು ಬೈಟ್ ಬೇಕು. ಚಿತ್ರಕ್ಕೆಂದು ಯಂತ್ರದಲ್ಲಿದ್ದದ್ದು 64 ಕಿಲೋಬೈಟ್ ಮಾತ್ರ. ಇದಕ್ಕೆ ಉಪಾಯ, ನೆಲಕ್ಕೆ ಟೈಲ್ಸ್ ಹಾಕುವಂಥದ್ದು. ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಉದ್ದದ 256 ಬಗೆಯ ಬಿಲ್ಲೆಗಳನ್ನು ಮಾಡಿಟ್ಟುಕೊಂಡರೆ 16 ಕಿಲೋಬೈಟ್ ಆಗುತ್ತದೆ. ಯಾವ ಜಾಗದಲ್ಲಿ ಯಾವ ಬಿಲ್ಲೆ ಎಂಬ 128 ಸಾಲು, 128 ಕಂಬದ ಪಟ್ಟಿಗೆ ಇನ್ನೊಂದು 16 ಕಿಲೋಬೈಟ್. ಒಟ್ಟು 32 ಕಿಲೋಬೈಟ್, ಇದ್ದ ಜಾಗದ ಅರ್ಧ. ಪೂರ್ತಿ ಆಟದ ಕ್ಯಾಸೆಟ್ಟಿನ ಗಾತ್ರವೇ 512 ಕಿಲೋಬೈಟ್. ಇಂದು ಫೋನಿನಲ್ಲಿ ತೆಗೆದ ಒಂದು ಫೋಟೋ ಅದಕ್ಕಿಂತ ದೊಡ್ಡದಿರುತ್ತದೆ.

ನೆಲ ಮಲಗಿದ್ದು ಹೇಗೆ?

ಅಂಗಳದಲ್ಲಿ ದೊಡ್ಡ ರಂಗೋಲಿ ಹಾಕಿದ್ದಾರೆಂದುಕೊಳ್ಳಿ. ಮಹಡಿಯ ಮೇಲಿನಿಂದ ಬಗ್ಗಿ ನೋಡಿದರೆ ಅದರ ಎಲ್ಲ ಎಳೆಗಳೂ ಸಮವಾಗಿ ಕಾಣುತ್ತವೆ. ಕೆಳಗಿಳಿದು ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ನೋಡಿದರೆ ಕಾಲ ಬಳಿಯ ಎಳೆ ದಪ್ಪವಾಗಿ, ದೂರದ ಎಳೆಗಳು ಒಂದಕ್ಕೊಂದು ಅಂಟಿಕೊಂಡಂತೆ ಸಣ್ಣದಾಗಿ ಕಾಣುತ್ತವೆ. ರಂಗೋಲಿ ಬದಲಾಗಿಲ್ಲ, ನೋಡುವ ಕೋನ ಬದಲಾಗಿದೆ. ಎಫ್-ಝೀರೋದ ಟ್ರ್ಯಾಕ್ ಎನ್ನುವುದು ಮಹಡಿಯಿಂದ ಕಂಡ ರಂಗೋಲಿಯಂಥ ಚಪ್ಪಟೆ ನಕ್ಷೆ. ಆಟಗಾರನಿಗೆ ತೋರಿಸಬೇಕಾದದ್ದು ಕುಳಿತು ನೋಡಿದಾಗಿನ ನೋಟ.

ತೊಡಕಿರುವುದು ಇಲ್ಲಿ. ಮೋಡ್ 7ಕ್ಕೆ ಇಡೀ ಚಿತ್ರವನ್ನು ಒಂದೇ ಅಳತೆಯಲ್ಲಿ ಹಿಗ್ಗಿಸುವುದು, ತಿರುಗಿಸುವುದು ಗೊತ್ತೇ ಹೊರತು, ಹೀಗೆ ಹತ್ತಿರ ದೊಡ್ಡದಾಗಿ ದೂರ ಚಿಕ್ಕದಾಗಿ ಮಲಗಿಸುವುದು ಗೊತ್ತಿಲ್ಲ. ಈ ಕೊರತೆಯನ್ನು ತುಂಬಿದ್ದು ಟಿವಿ ಚಿತ್ರ ಬರೆಯುವ ರೀತಿ. ಹಳೆಯ ಪಿಕ್ಚರ್ ಟ್ಯೂಬ್ ಟಿವಿ ಚಿತ್ರವನ್ನು ಒಮ್ಮೆಗೇ ತೋರಿಸುವುದಿಲ್ಲ. ಮಗ್ಗದಲ್ಲಿ ಲಾಳಿ ಎಡದಿಂದ ಬಲಕ್ಕೆ ಓಡಿ ಒಂದೊಂದೇ ಹೊಕ್ಕನ್ನು ಸೇರಿಸುವಂತೆ, ಮೇಲಿನಿಂದ ಕೆಳಕ್ಕೆ ಒಂದೊಂದೇ ಗೆರೆಯನ್ನು ಬರೆಯುತ್ತ ಬರುತ್ತದೆ. ಒಂದು ಗೆರೆಗೆ ಹಿಡಿಯುವ ಕಾಲ ಸುಮಾರು 63.5 ಮೈಕ್ರೊಸೆಕೆಂಡ್. ಗೆರೆ ಮುಗಿದ ಮೇಲೆ ಕಿರಣ ಮತ್ತೆ ಎಡಕ್ಕೆ ಮರಳುವಾಗ ಒಂದು ಅತಿ ಸಣ್ಣ ಬಿಡುವು ಸಿಗುತ್ತದೆ.

ನೇಕಾರ ಒಂದು ಹೊಕ್ಕಿಗೂ ಮತ್ತೊಂದು ಹೊಕ್ಕಿಗೂ ನಡುವೆ ನೂಲಿನ ಬಣ್ಣ ಬದಲಿಸಿ ಸೆರಗಿನ ವಿನ್ಯಾಸ ಮೂಡಿಸುವಂತೆ, ಎಫ್-ಝೀರೋ ಆ ಬಿಡುವಿನಲ್ಲಿ ಮೋಡ್ 7ರ ಅಳತೆಯನ್ನು ಬದಲಿಸಿಬಿಡುತ್ತದೆ. ಪ್ರತಿ ಗೆರೆಗೂ ಬೇರೆ ಅಳತೆ. ಯಂತ್ರದ ಪಾಲಿಗೆ ಅದು ಈಗಲೂ ಚಪ್ಪಟೆ ಚಿತ್ರವೇ, ಗೆರೆ ಗೆರೆಗೂ ಬೇರೆ ಬೇರೆಯಾಗಿ ಹಿಗ್ಗಿದ್ದು ಅಷ್ಟೇ. ನೋಡುವ ಕಣ್ಣಿಗೆ ಮಾತ್ರ ಅದು ದೂರಕ್ಕೆ ಚಾಚಿದ ರಸ್ತೆ.

ಇದನ್ನು ಅಂಕಿಗಳಲ್ಲಿ ನೋಡೋಣ. ನಿಯಮ ಸರಳವಾಗಿದೆ: ಕ್ಷಿತಿಜದಿಂದ ಎಷ್ಟು ಗೆರೆ ಕೆಳಗೆ ಬಂದಿದ್ದೇವೋ ಅದರಿಂದ ಒಂದು ನಿಗದಿತ ಸಂಖ್ಯೆಯನ್ನು ಭಾಗಿಸಿದರೆ ಆ ಗೆರೆಯಲ್ಲಿ ಕಾಣಬೇಕಾದ ನೆಲದ ದೂರ ಸಿಗುತ್ತದೆ. ಆ ಸಂಖ್ಯೆ 1200 ಎಂದಿಟ್ಟುಕೊಂಡರೆ, ಕ್ಷಿತಿಜದಿಂದ 10ನೆಯ ಗೆರೆಯಲ್ಲಿ 120 ಮೀಟರ್ ದೂರದ ನೆಲ, 20ನೆಯ ಗೆರೆಯಲ್ಲಿ 60 ಮೀಟರಿನದು, 40ನೆಯದರಲ್ಲಿ 30 ಮೀಟರಿನದು, 120ನೆಯದರಲ್ಲಿ 10 ಮೀಟರಿನದು. ಮೇಲ್ಗಡೆ ಹತ್ತು ಗೆರೆಗಳ ಅಂತರದಲ್ಲಿ 60 ಮೀಟರ್ ರಸ್ತೆ ಅಡಗಿ ಕುಳಿತರೆ, ಕೆಳಗಡೆ 110ರಿಂದ 120ರವರೆಗಿನ ಹತ್ತು ಗೆರೆಗಳಲ್ಲಿ ಒಂದು ಮೀಟರೂ ಇಲ್ಲ. ಅಗಲಕ್ಕೂ ಇದೇ ಪ್ರಮಾಣ: 10ನೆಯ ಗೆರೆಯಲ್ಲಿ ಕಾಣುವ ನೆಲದ ಅಗಲ 120ನೆಯ ಗೆರೆಯಲ್ಲಿ ಕಾಣುವುದಕ್ಕಿಂತ ಹನ್ನೆರಡು ಪಟ್ಟು ಹೆಚ್ಚು. ದೂರದ ರಸ್ತೆ ಕಣ್ಣಿಗೆ ಸಿಕ್ಕುವ ಮೊದಲೇ ತಿರುವು ಕಾಲ ಬುಡಕ್ಕೆ ಬಂದುಬಿಟ್ಟಿತೆಂಬ ಗಾಬರಿ ಹುಟ್ಟುವುದು ಈ ಭಾಗಾಕಾರದಿಂದಲೇ.

ಇನ್ನು ತಿರುವು. ಪರದೆಯ ಮೇಲೆ ಕಾರು ಇದ್ದಲ್ಲೇ ಇರುತ್ತದೆ. ಗುಂಡಿ ಒತ್ತಿದಾಗ ತಿರುಗುವುದು ಅದರ ಕೆಳಗಿನ ನಕ್ಷೆ. ಬಲಕ್ಕೆ ಹೋಗಬೇಕೆಂದರೆ ಇಡೀ ಊರೇ ಎಡಕ್ಕೆ ತಿರುಗಬೇಕು. ಬೀಸುವ ಕಲ್ಲಿನ ಮೇಲೆ ಬೆರಳನ್ನು ಅಲುಗದೆ ಹಿಡಿದು ಕಲ್ಲನ್ನು ತಿರುಗಿಸಿದರೆ, ಬೆರಳೇ ಸುತ್ತು ಹೊಡೆದ ಗೆರೆ ಮೂಡುತ್ತದಲ್ಲವೆ, ಹಾಗೆ. ಕ್ಷಿತಿಜದ ಮೇಲಿರುವ ಆಕಾಶ, ದೂರದ ಕಟ್ಟಡಗಳ ಸಾಲು ಈ ನಕ್ಷೆಯ ಭಾಗವಲ್ಲ. ಪರದೆಯ ಮೇಲಿನ ಪಾಲನ್ನು ಬೇರೆ ಮೋಡಿನಲ್ಲಿ ಬರೆದು, ಕ್ಷಿತಿಜದ ಗೆರೆ ಬಂದೊಡನೆ ಚಿಪ್ಪನ್ನು ಮೋಡ್ 7ಕ್ಕೆ ಬದಲಿಸಲಾಗುತ್ತದೆ. ಒಂದೇ ಚಿತ್ರದಲ್ಲಿ ಎರಡು ವಿಧಾನ, ನಡುವೆ ಹೊಲಿಗೆ ಕಾಣದಂತೆ.

ಕಾರುಗಳ ಕಥೆ ಬೇರೆ

ಮೋಡ್ 7 ಹಿಗ್ಗಿಸುವುದು ಹಿನ್ನೆಲೆಯನ್ನು ಮಾತ್ರ. ಅದರ ಮೇಲೆ ಓಡಾಡುವ ಪ್ರತ್ಯೇಕ ಚಿತ್ರಗಳಿಗೆ ‘ಸ್ಪ್ರೈಟ್’ ಎನ್ನುತ್ತಾರೆ. ಅವನ್ನು ಹಿಗ್ಗಿಸುವ ಶಕ್ತಿ ಯಂತ್ರಕ್ಕೆ ಇರಲಿಲ್ಲ. ಹಾಗಾಗಿ ಎದುರಾಳಿಯ ಕಾರನ್ನು ದೂರದ್ದು, ಇನ್ನಷ್ಟು ಹತ್ತಿರದ್ದು, ಪಕ್ಕದ್ದು ಎಂದು ಹಲವು ಗಾತ್ರಗಳಲ್ಲಿ ಮೊದಲೇ ಬರೆದಿಟ್ಟು, ಸಂದರ್ಭಕ್ಕೆ ತಕ್ಕದ್ದನ್ನು ತೋರಿಸುತ್ತಾರೆ. ಎದುರಾಳಿ ಹತ್ತಿರ ಬರುವಾಗ ರಸ್ತೆ ನೀರಿನಂತೆ ಹರಿಯುತ್ತಿದ್ದರೂ ಕಾರು ಮಾತ್ರ ಮೆಟ್ಟಿಲು ಹತ್ತಿದಂತೆ ಜಿಗಿದು ಜಿಗಿದು ದೊಡ್ಡದಾಗುವುದನ್ನು ಈಗ ಗಮನಿಸಿ ನೋಡಿ.

ಇದನ್ನು ಇನ್ನೂ ಚೆನ್ನಾಗಿ ಕಾಣಿಸುವ ಒಂದು ಎಮ್ಯುಲೇಟರ್ ಇದೆ. ‘ಬಿಸ್ನೆಸ್ ಎಚ್‌ಡಿ’ ಎಂಬ ಈ ತಂತ್ರಾಂಶ (ವ್ಯಾಪಾರದ ಬಿಸ್ನೆಸ್ ಅಲ್ಲ, ಸೂಪರ್ ನಿಂಟೆಂಡೊದ ಚುಟುಕು ಹೆಸರಾದ ಎಸ್‌ಎನ್‌ಇಎಸ್‌ನ ಆರಂಭಕ್ಕೆ ಬಿ ಸೇರಿಸಿದ್ದು) ಮೋಡ್ 7ರ ಲೆಕ್ಕವನ್ನು ಇಂದಿನ ಪರದೆಯ ಸೂಕ್ಷ್ಮತೆಗೆ ಹೊಂದಿಸಿ ಮತ್ತೆ ಮಾಡುತ್ತದೆ. ಆಗ ರಸ್ತೆಯ ಅಂಚು ಕತ್ತರಿಸಿದಷ್ಟು ಚೊಕ್ಕವಾಗುತ್ತದೆ, ಕ್ಷಿತಿಜದ ಬಳಿಯ ಕಲಸುಮೇಲೋಗರವೂ ತಿಳಿಯಾಗುತ್ತದೆ. ಆದರೆ ಅದೇ ರಸ್ತೆಯ ಮೇಲೆ ಬ್ಲೂ ಫಾಲ್ಕನ್ ಮೊದಲಿನಂತೆಯೇ ದಪ್ಪ ಚುಕ್ಕಿಗಳಲ್ಲಿ ಓಡುತ್ತಿರುತ್ತದೆ. ನಕ್ಷೆ ಲೆಕ್ಕದಿಂದ ಹುಟ್ಟಿದ್ದು, ಲೆಕ್ಕವನ್ನು ಇನ್ನಷ್ಟು ಸೂಕ್ಷ್ಮವಾಗಿ ಮಾಡಬಹುದು. ಕಾರು ಕೈಯಿಂದ ಬರೆದದ್ದು, ಬರೆದಷ್ಟೇ ಇರುತ್ತದೆ.

2560ಕ್ಕೇ ಏಕೆ ಹೋಗಬೇಕಿತ್ತು?

ಈ ಮಿತಿಗಳನ್ನು ತಿಳಿದ ಮೇಲೆ ಆಟದ ವಿಜ್ಞಾನ ಕಥೆಯನ್ನು ಮತ್ತೊಮ್ಮೆ ನೋಡಿದರೆ ಒಂದು ಅಂಶ ಹೊಳೆಯುತ್ತದೆ. ಮೋಡ್ 7ರ ನೆಲದಲ್ಲಿ ಏರಿಲ್ಲ, ಇಳಿತವಿಲ್ಲ, ಹಳ್ಳವಿಲ್ಲ, ರಸ್ತೆ ಬದಿಯಲ್ಲಿ ಎದ್ದು ನಿಲ್ಲುವ ಮರವೂ ಇಲ್ಲ. ಇಂಥ ನೆಲದ ಮೇಲೆ ಚಾರ್ಮಾಡಿ ಘಾಟಿಯನ್ನು ತೋರಿಸಲು ಹೊರಟರೆ ನಗೆಪಾಟಲಾಗುತ್ತದೆ. ಊರುಗಳ ಮೇಲೆ ಗಾಳಿಯಲ್ಲಿ ತೇಲುವ ಸಪಾಟಾದ ಟ್ರ್ಯಾಕ್ ಎಂದುಬಿಟ್ಟರೆ ಯಾರೂ ಏರಿಳಿತ ಕೇಳುವುದಿಲ್ಲ. ಚಕ್ರವಿಲ್ಲದ ಕಾರಿಗೆ ಚಕ್ರ ತಿರುಗಿಸಿ ತೋರಿಸುವ ಗೋಜಿಲ್ಲ. ಅದು ಜಾರುವಂತೆ ಓಡಿದರೂ ತಪ್ಪೆನಿಸುವುದಿಲ್ಲ. ಯಂತ್ರಕ್ಕೆ ಆಗದ್ದನ್ನೆಲ್ಲ ಕಥೆ ಮೊದಲೇ ಬೇಡವೆಂದು ಬಿಟ್ಟುಕೊಟ್ಟಿದೆ. ಕಥೆ ಮೊದಲು ಬಂತೋ ಮಿತಿ ಮೊದಲು ಬಂತೋ, ಎರಡೂ ಒಂದಕ್ಕೊಂದು ಅಳತೆ ತೆಗೆದು ಹೊಲಿಸಿದಂತಿವೆ.

ಆಟ ಒಬ್ಬರಿಗೆ ಮಾತ್ರ ಎನ್ನುವುದು ಅದರ ದೊಡ್ಡ ಕೊರತೆಯಾಗಿತ್ತು. ಇಬ್ಬರು ಆಡುವಂತೆ ಪರದೆಯನ್ನು ಎರಡಾಗಿಸಿ ಮಾಡಲು ಹೊರಟಾಗ ಎಫ್-ಝೀರೋದಂಥ ಉದ್ದುದ್ದ ವೇಗದ ಟ್ರ್ಯಾಕುಗಳು ಒಗ್ಗಲಿಲ್ಲ. ಟ್ರ್ಯಾಕನ್ನು ಕುಗ್ಗಿಸಿ, ತಿರುವುಗಳನ್ನು ಹೆಚ್ಚಿಸಿ ಮಾಡಿದ ಪ್ರಯತ್ನವೇ 1992ರ ‘ಸೂಪರ್ ಮಾರಿಯೋ ಕಾರ್ಟ್’ ಆಯಿತು. ಏರಿಳಿತ, ಸುರುಳಿ, ಕೊಳವೆಯಂಥ ಟ್ರ್ಯಾಕುಗಳು ಈ ಸರಣಿಗೆ ಬಂದದ್ದು ನಿಜವಾದ ಮೂರು ಆಯಾಮದ ಯಂತ್ರಗಳಲ್ಲಿ: 1998ರ ‘ಎಫ್-ಝೀರೋ ಎಕ್ಸ್’ನಲ್ಲಿ, ನಂತರ ಸೇಗಾ ಕಂಪನಿಯ ತಂಡ ರೂಪಿಸಿದ 2003ರ ‘ಎಫ್-ಝೀರೋ ಜಿಎಕ್ಸ್’ನಲ್ಲಿ.

ಎಮ್ಯುಲೇಟರ್ ಮಾಡುವ ಕೆಲಸ

ಈಗ ಫೋನಿಗೆ ಮರಳೋಣ. ಕ್ಯಾಸೆಟ್ಟಿನ ಚಿಪ್ಪಿನಲ್ಲಿದ್ದ ಮಾಹಿತಿಯನ್ನು ಹಾಗೆಯೇ ಇಳಿಸಿಕೊಂಡ ಕಡತಕ್ಕೆ ‘ರೋಮ್ ಫೈಲ್’ ಎನ್ನುತ್ತಾರೆ. ಅದರಲ್ಲಿರುವ ಆದೇಶಗಳು ಸೂಪರ್ ನಿಂಟೆಂಡೊದ ಪ್ರೊಸೆಸರಿಗೆ ಅರ್ಥವಾಗುವ ಭಾಷೆಯಲ್ಲಿವೆ. ಫೋನಿನ ಪ್ರೊಸೆಸರಿಗೆ ಆ ಭಾಷೆ ಬಾರದು. ಎಮ್ಯುಲೇಟರ್ ನಡುವೆ ನಿಂತು ದುಭಾಷಿಯಂತೆ ಒಂದೊಂದು ಆದೇಶವನ್ನೂ ಓದಿ, ಮೂಲ ಯಂತ್ರ ಏನು ಮಾಡುತ್ತಿತ್ತೋ ಅದನ್ನು ಫೋನಿನಿಂದ ಮಾಡಿಸುತ್ತದೆ.

ಆದರೆ ಅನುವಾದ ಸರಿಯಾಗಿದ್ದರಷ್ಟೇ ಸಾಲದು, ತಾಳವೂ ಸರಿಯಿರಬೇಕು. ಮುಖ್ಯ ಪ್ರೊಸೆಸರ್, ಚಿತ್ರದ ಚಿಪ್ಪುಗಳು, ಧ್ವನಿಯ ಚಿಪ್ಪು ಎಲ್ಲವೂ ಮೂಲ ಯಂತ್ರದಲ್ಲಿ ಏಕಕಾಲಕ್ಕೆ ನಡೆಯುತ್ತಿದ್ದವು. ಧ್ವನಿಯ ಭಾಗವಂತೂ ತನ್ನದೇ ಪ್ರೊಸೆಸರ್, ತನ್ನದೇ 64 ಕಿಲೋಬೈಟ್ ನೆನಪು ಇಟ್ಟುಕೊಂಡು ಬೇರೆ ಸಂಸಾರ ಹೂಡಿದ ಪುಟ್ಟ ಕಂಪ್ಯೂಟರು. (ಅದನ್ನು ರೂಪಿಸಿದವರು ಸೋನಿ ಕಂಪನಿಯ ಕೆನ್ ಕುಟರಗಿ, ಮುಂದೆ ನಿಂಟೆಂಡೊಗೆ ಎದುರಾಗಿ ನಿಂತ ಪ್ಲೇಸ್ಟೇಷನ್ ಯಂತ್ರದ ಜನಕರೂ ಅವರೇ.) ಎಮ್ಯುಲೇಟರ್ ಒಬ್ಬನೇ ಕಲಾವಿದ ತಬಲ, ಕೊಳಲು, ತಂಬೂರಿ ಮೂರನ್ನೂ ನುಡಿಸಿದಂತೆ, ಇದರಲ್ಲಿ ಸ್ವಲ್ಪ, ಅದರಲ್ಲಿ ಸ್ವಲ್ಪ ಎಂದು ಕೆಲಸ ಮಾಡುತ್ತ ಮೂರೂ ಒಟ್ಟಿಗೇ ನುಡಿದ ಭಾಸ ಹುಟ್ಟಿಸಬೇಕು. ಎರಡು ಗೆರೆಗಳ ನಡುವಿನ ಬಿಡುವಿನಲ್ಲಿ ಅಳತೆ ಬದಲಿಸುವ ಎಫ್-ಝೀರೋದಂಥ ಆಟದಲ್ಲಿ ತಾಳ ಒಂದು ಗೆರೆಯಷ್ಟು ತಪ್ಪಿದರೂ ಕ್ಷಿತಿಜದಲ್ಲಿ ಒಡಕು ಕಾಣಿಸುತ್ತದೆ. ಮೂಲ ಯಂತ್ರದ ಮೂಲ ಗಡಿಯಾರ ಸೆಕೆಂಡಿಗೆ 2.1 ಕೋಟಿಗೂ ಹೆಚ್ಚು ಬಾರಿ ಬಡಿಯುತ್ತಿತ್ತು. ಅದನ್ನು ಬಡಿತ ಬಡಿತಕ್ಕೂ ನಿಷ್ಠೆಯಿಂದ ಅನುಕರಿಸಲು ಅದಕ್ಕಿಂತ ಎಷ್ಟೋ ಪಟ್ಟು ವೇಗದ ಕಂಪ್ಯೂಟರ್ ಬೇಕಾಗುವುದು ಈ ಕಾರಣಕ್ಕೆ. 1990ರ ದಶಕದ ಕೊನೆಯ ಎಮ್ಯುಲೇಟರುಗಳು ಅಂದಿನ ದುರ್ಬಲ ಕಂಪ್ಯೂಟರುಗಳಲ್ಲಿ ಓಡಬೇಕಾಗಿದ್ದರಿಂದ ಇಂಥ ಕಡೆಗಳಲ್ಲೆಲ್ಲ ಅಡ್ಡದಾರಿ ಹಿಡಿದಿದ್ದವು. ಆಗ ಆಡಿದವರಿಗೆ ಈಗಿನ ನಿಖರ ಎಮ್ಯುಲೇಟರಿನ ಧ್ವನಿ ‘ಬೇರೆ’ ಎನಿಸಿದರೆ, ಹೆಚ್ಚು ಸರಿಯಾಗಿರುವುದು ಈಗಿನದೇ.

ಡಬ್ಬಾ ಟಿವಿಯ ಪಾಲು

ಇಷ್ಟಾದ ಮೇಲೂ ಉಳಿಯುವುದು ಟಿವಿ. ಹೆಚ್ಚಿನವರಿಗೆ ಆಟ ‘ಅದಲ್ಲ’ ಎನಿಸುವುದು ಇಲ್ಲಿಯೇ.

ಮೊದಲನೆಯದಾಗಿ ಆಕಾರ. 256ಕ್ಕೆ 224 ಎಂದರೆ 8ಕ್ಕೆ 7ರ ಪ್ರಮಾಣ, ಬಹುತೇಕ ಚೌಕ. ಹಳೆಯ ಟಿವಿಯ ಪರದೆ 4ಕ್ಕೆ 3ರದ್ದಾದ್ದರಿಂದ ಚಿತ್ರ ಅಡ್ಡಕ್ಕೆ ಸ್ವಲ್ಪ ಹಿಗ್ಗಿ ಕಾಣುತ್ತಿತ್ತು. ಬರೆದವರೂ ಆ ಹಿಗ್ಗುವಿಕೆಯನ್ನು ನೋಡುತ್ತಲೇ ಬರೆದವರು. ಇಂದು ಒಂದು ಚುಕ್ಕಿಗೆ ಒಂದು ಚೌಕ ಎಂದು ತೋರಿಸಿದರೆ ಕಾರು ಬಡಕಲಾಗುತ್ತದೆ, ಪರದೆ ತುಂಬ 16ಕ್ಕೆ 9ರಲ್ಲಿ ಎಳೆದರೆ ಜಜ್ಜಿದಂತಾಗುತ್ತದೆ. ಎಮ್ಯುಲೇಟರಿನ ಸೆಟ್ಟಿಂಗಿನಲ್ಲಿ 4:3 ಎಂಬ ಆಯ್ಕೆ ಇರುವುದು ಇದಕ್ಕಾಗಿ.

ಎರಡನೆಯದು ಚುಕ್ಕಿಗಳ ಅಂಚು. ಪಿಕ್ಚರ್ ಟ್ಯೂಬಿನಲ್ಲಿ ಚುಕ್ಕಿಗೆ ಚೂಪಾದ ಮೂಲೆಗಳಿರಲಿಲ್ಲ. ಅಕ್ಕಪಕ್ಕದ ಬಣ್ಣಗಳು ಒಂದರೊಳಗೊಂದು ತುಸು ಹರಡಿಕೊಳ್ಳುತ್ತಿದ್ದವು, ಗೆರೆ ಗೆರೆಗಳ ನಡುವೆ ತೆಳುವಾದ ಕಪ್ಪು ಉಳಿಯುತ್ತಿತ್ತು. ಕಾಗದದ ಮೇಲೆ ಮಸಿ ಹೀರಿಕೊಂಡಾಗ ಅಕ್ಷರದ ಒರಟುತನ ಮರೆಯಾಗುವಂತೆ, ಅಲ್ಲಿ ಗರಗಸದ ಹಲ್ಲುಗಳೂ ಮರೆಯಾಗುತ್ತಿದ್ದವು. ದೂರದ ರಸ್ತೆಯಲ್ಲಿ ನಕ್ಷೆಯ ಹತ್ತಾರು ಚುಕ್ಕಿಗಳಿಗೆ ಪರದೆಯ ಒಂದೇ ಚುಕ್ಕಿ ಸಿಗುವುದರಿಂದ, ಯಾವುದೋ ಒಂದನ್ನು ಆರಿಸಿ ಉಳಿದವನ್ನು ಯಂತ್ರ ಕೈಬಿಡುತ್ತದೆ. ಕಾರು ಮುಂದೆ ಹೋದಂತೆ ಆ ಆಯ್ಕೆ ಬದಲಾಗುತ್ತ ದೂರದ ನೆಲ ಮಿಣುಕುತ್ತದೆ. ಇಂದಿನ ಎಲ್‌ಇಡಿ ಪರದೆ ಈ ಮಿಣುಕನ್ನು ಇದ್ದದ್ದು ಇದ್ದಂತೆ ಎತ್ತಿ ತೋರಿಸುತ್ತದೆ. ಎಮ್ಯುಲೇಟರಿನಲ್ಲಿ ಸಿಗುವ, ಪಿಕ್ಚರ್ ಟ್ಯೂಬನ್ನು ಅನುಕರಿಸುವ ‘ಸಿಆರ್‌ಟಿ ಫಿಲ್ಟರ್’ ಹಾಕಿದರೆ ಹಳೆಯ ಮೃದುತನ ಸ್ವಲ್ಪಮಟ್ಟಿಗೆ ಮರಳುತ್ತದೆ.

ಮೂರನೆಯದೇ ಎಲ್ಲಕ್ಕಿಂತ ದೊಡ್ಡದು: ವಿಳಂಬ. ಹಳೆಯ ಟಿವಿ ಬಂದ ಸಂಕೇತವನ್ನು ಬಂದಂತೆಯೇ ಗಾಜಿನ ಮೇಲೆ ಬರೆಯುತ್ತಿತ್ತು. ಇಂದಿನ ಟಿವಿ ಚಿತ್ರವನ್ನು ಮೊದಲು ಒಳಗೆ ಕೂಡಿಟ್ಟುಕೊಂಡು, ಅಳತೆ ಬದಲಿಸಿ, ಬಣ್ಣ ತಿದ್ದಿ, ಆಮೇಲೆ ತೋರಿಸುತ್ತದೆ. ಬ್ಲೂಟೂತ್ ಕಂಟ್ರೋಲರ್ ಮತ್ತು ಎಮ್ಯುಲೇಟರ್ ತಮ್ಮ ಪಾಲಿನ ತಡವನ್ನೂ ಸೇರಿಸುತ್ತವೆ. ಲೆಕ್ಕ ಹಾಕೋಣ. ಫೈರ್ ಸ್ಟಿಂಗ್‌ರೇ ಗಂಟೆಗೆ 478 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 133 ಮೀಟರ್; ಒಂದು ಚಿತ್ರದಿಂದ ಮತ್ತೊಂದು ಚಿತ್ರಕ್ಕೆ ಅದು 2.2 ಮೀಟರ್ ಸಾಗಿರುತ್ತದೆ. ಎಲ್ಲ ತಡವೂ ಕೂಡಿ ಸೆಕೆಂಡಿನ ಹತ್ತನೆಯ ಒಂದು ಭಾಗವಾದರೆ, ಆಟದ ಲೋಕದಲ್ಲಿ 13 ಮೀಟರ್ ರಸ್ತೆ ಕಳೆದ ಮೇಲೆ ನಿಮ್ಮ ಬೆರಳಿನ ಆಜ್ಞೆ ಕಣ್ಣಿಗೆ ಕಾಣುತ್ತದೆ. ತಿರುವಿನಲ್ಲಿ ಅಂಚಿಗೆ ಬಡಿಯಲು ಅಷ್ಟು ಸಾಕು. ನನಗೂ ‘ಮ್ಯೂಟ್ ಸಿಟಿ’ಯ ಮೊದಲ ಟ್ರ್ಯಾಕಿನಲ್ಲೇ ಮೂರು ಬಾರಿ ಹೀಗಾಯಿತು, ವಯಸ್ಸಾಯಿತೆಂದು ಒಪ್ಪಿಕೊಳ್ಳುವ ಮೊದಲು ಟಿವಿಯಲ್ಲಿ ‘ಗೇಮ್ ಮೋಡ್’ ಹಾಕಿ ನೋಡಿದೆ, ಅರ್ಧಕ್ಕರ್ಧ ಸುಧಾರಿಸಿತು. ಈ ಆಯ್ಕೆ ಟಿವಿಯ ತಿದ್ದುಪಡಿ ಕೆಲಸಗಳಲ್ಲಿ ಹೆಚ್ಚಿನವನ್ನು ನಿಲ್ಲಿಸುತ್ತದೆ.

ಇದಕ್ಕೆ ಸೇರಿಸಿ ಹೇಳಬೇಕಾದ ಇನ್ನೊಂದು ವಿಷಯವಿದೆ. ಜಪಾನ್, ಅಮೆರಿಕದ ಟಿವಿಗಳು ಸೆಕೆಂಡಿಗೆ 60 ಬಾರಿ ಚಿತ್ರ ಬರೆದರೆ, ಯುರೋಪಿನ ಬಹುಭಾಗದಲ್ಲೂ ಭಾರತದಲ್ಲೂ ಇದ್ದ ಪಾಲ್ ಪದ್ಧತಿಯ ಟಿವಿಗಳು 50 ಬಾರಿ ಬರೆಯುತ್ತಿದ್ದವು. ಆ ಕಾಲದ ಆಟಗಳು ಒಂದು ಚಿತ್ರಕ್ಕೆ ಒಂದು ಹೆಜ್ಜೆ ಎಂದು ನಡೆಯುತ್ತಿದ್ದುದರಿಂದ, ಪಾಲ್ ಪದ್ಧತಿಗೆ ಹೊಂದಿಸದೆ ಬಿಟ್ಟ ಆಟ ಸುಮಾರು ಶೇಕಡ 17ರಷ್ಟು ನಿಧಾನವಾಗಿ ಓಡುತ್ತಿತ್ತು, ಸಂಗೀತವೂ ಎಷ್ಟೋ ಬಾರಿ ಎಳೆದಂತೆ ಕೇಳುತ್ತಿತ್ತು. ಬಾಲ್ಯದ ಯಾವುದಾದರೂ ಆಟ ಈಗ ಅವಸರದಲ್ಲಿರುವಂತೆ ಕಂಡರೆ ಅದಕ್ಕೂ ಇದು ಕಾರಣವಿರಬಹುದು.

ಎಲ್ಲಿ ಆಡಬಹುದು, ಕಾನೂನು ಏನು?

ಎಮ್ಯುಲೇಟರ್ ಬೇರೆ, ಆಟದ ಪ್ರತಿ ಬೇರೆ. ಟೇಪ್ ರೆಕಾರ್ಡರಿಗೂ ಹಾಡಿನ ಕ್ಯಾಸೆಟ್ಟಿಗೂ ಇರುವಷ್ಟೇ ವ್ಯತ್ಯಾಸ. ಸೋನಿ ಮತ್ತು ಕನೆಕ್ಟಿಕ್ಸ್ ಕಂಪನಿಗಳ ನಡುವಿನ ವ್ಯಾಜ್ಯದಲ್ಲಿ, ಎಮ್ಯುಲೇಟರ್ ರೂಪಿಸಲು ಮೂಲ ಯಂತ್ರದ ತಂತ್ರಾಂಶವನ್ನು ಬಿಡಿಸಿ ನೋಡಿದ್ದು ನ್ಯಾಯಯುತ ಬಳಕೆಯೆಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯ 2000ದಲ್ಲಿ ಹೇಳಿತು. ಆದರೆ ಎಫ್-ಝೀರೋದ ಹಕ್ಕುಸ್ವಾಮ್ಯ ಇನ್ನೂ ನಿಂಟೆಂಡೊದ್ದೇ. ಮಾರುಕಟ್ಟೆಯಲ್ಲಿ ಕ್ಯಾಸೆಟ್ ಸಿಗುವುದಿಲ್ಲ ಎಂಬ ಕಾರಣಕ್ಕೆ ಯಾರೋ ಅಂತರ್ಜಾಲಕ್ಕೆ ಏರಿಸಿದ ರೋಮ್ ಫೈಲ್ ಕಾನೂನುಬದ್ಧವಾಗುವುದಿಲ್ಲ.

ಕಂಪನಿಯೇ ಒದಗಿಸಿದ ದಾರಿಗಳೂ ಇವೆ. 2017ರ ಪುಟ್ಟ ‘ಸೂಪರ್ ನಿಂಟೆಂಡೊ ಕ್ಲಾಸಿಕ್’ ಯಂತ್ರದಲ್ಲಿ ಈ ಆಟವಿತ್ತು. 2019ರಿಂದ ಸ್ವಿಚ್ ಯಂತ್ರದ ಚಂದಾ ಸೇವೆಯಲ್ಲೂ ಇದೆ. ಅಲ್ಲಿಯೂ ಆಟ ಓಡುವುದು ಎಮ್ಯುಲೇಟರಿನಲ್ಲೇ, ಅದು ನಿಂಟೆಂಡೊದ್ದೇ ಎಮ್ಯುಲೇಟರ್ ಅಷ್ಟೇ. 2025ರ ಜೂನ್‌ನಲ್ಲಿ ಸ್ವಿಚ್ 2 ಬಂದಾಗ ಎಫ್-ಝೀರೋ ಜಿಎಕ್ಸ್ ಕೂಡ ಅದೇ ಸೇವೆಗೆ ಸೇರಿತು. 2004ರ ನಂತರ ಹೊಸ ಆಟವೇ ಇಲ್ಲದಿದ್ದ ಈ ಸರಣಿಗೆ 2023ರ ಸೆಪ್ಟೆಂಬರ್ 14ರಂದು ‘ಎಫ್-ಝೀರೋ 99’ ಸೇರಿಕೊಂಡಿತು. ಮೊದಲ ಆಟದ ಅದೇ ಚಪ್ಪಟೆ ನೆಲದ ಚಹರೆಯನ್ನು ಉಳಿಸಿಕೊಂಡು, ಒಂದೇ ಟ್ರ್ಯಾಕಿನಲ್ಲಿ 99 ಜನರನ್ನು ಓಡಿಸುವ ಆಟ ಅದು.

ಆಕಾಶದಿಂದ ಇಳಿದ ಟ್ರ್ಯಾಕುಗಳು

ಕ್ಯಾಸೆಟ್ಟಿನ ರೂಪದಲ್ಲಿ ಅಂಗಡಿಗೆ ಬರದ ಎಫ್-ಝೀರೋ ಟ್ರ್ಯಾಕುಗಳೂ ಇವೆ. ನಿಂಟೆಂಡೊ 1995ರಲ್ಲಿ ಜಪಾನಿನಲ್ಲಿ ‘ಸ್ಯಾಟೆಲಾವ್ಯೂ’ ಎಂಬ ಉಪಕರಣವನ್ನು ಹೊರತಂದಿತು. ಅದನ್ನು ಸೂಪರ್ ಫ್ಯಾಮಿಕಾಮ್‌ಗೆ ಜೋಡಿಸಿದರೆ, ಉಪಗ್ರಹದ ಮೂಲಕ ನಿಗದಿತ ವೇಳೆಗೆ ಪ್ರಸಾರವಾಗುವ ಆಟಗಳನ್ನು, ರೇಡಿಯೋ ಕಾರ್ಯಕ್ರಮ ಹಿಡಿದಂತೆ, ಮನೆಯಲ್ಲೇ ಇಳಿಸಿಕೊಳ್ಳಬಹುದಿತ್ತು. ಹೀಗೆ ಹೊಸ ಟ್ರ್ಯಾಕು, ಹೊಸ ಕಾರುಗಳ ಎಫ್-ಝೀರೋ ಪಂದ್ಯಗಳು ಪ್ರಸಾರವಾದವು. ಇಳಿಸಿಕೊಂಡದ್ದು ಉಳಿಯುತ್ತಿದ್ದದ್ದು ಮತ್ತೆ ಮತ್ತೆ ಅಳಿಸಿ ಬರೆಯಬಹುದಾದ ಒಂದು ಮೆಮೊರಿ ಪ್ಯಾಕಿನಲ್ಲಿ. ಮುಂದಿನ ವಾರದ ಆಟ ಬೇಕೆಂದರೆ ಹಿಂದಿನದನ್ನು ಅಳಿಸಬೇಕಾಗುತ್ತಿತ್ತು. ಸೇವೆ 2000ದಲ್ಲಿ ನಿಂತುಹೋಯಿತು. ಆ ಬಳಿಕ ಹೊರಗಿನವರಿಗೆ ಉಳಿದದ್ದು, ಯಾರದೋ ಮನೆಯಲ್ಲಿ ಅಳಿಸದೆ ಬಿಟ್ಟ ಮೆಮೊರಿ ಪ್ಯಾಕುಗಳಲ್ಲಿ ಸಿಕ್ಕಷ್ಟೇ. ಆ ಟ್ರ್ಯಾಕುಗಳಲ್ಲಿ ಕೆಲವನ್ನು ಎಫ್-ಝೀರೋ 99ಕ್ಕೆ ನಂತರದ ನವೀಕರಣವೊಂದರಲ್ಲಿ ಸೇರಿಸಲಾಗಿದೆ. ಜಪಾನಿನ ಹೊರಗಿನ ಆಟಗಾರರಿಗೆ ಕಂಪನಿಯ ಕಡೆಯಿಂದಲೇ ಅವು ಸಿಕ್ಕಿದ್ದು ಆಗಲೇ.